ಗಾಳದ ದಪ್ಪ ದಾರಕ್ಕೆ ಗಂಟು ಲೇಸೋ, ಕೊಳವೆ ಲೇಸೋ?

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಕೆರೆಗಳ ಸೀಮೆಯೆಂದು ಹೆಸರಾದವು. ಕದಂಬ ದೊರೆ ಕಾಕುತ್ಸ್ಥವರ್ಮನು ಶಿವಾಲಯದ ಬಳಿಯಲ್ಲಿ ಕೆರೆಯೊಂದನ್ನು ಕಟ್ಟಿಸಿದ ಸಂಗತಿಯು ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಕಂಬದ ಶಾಸನದಲ್ಲಿ ಉಕ್ತವಾಗಿದೆ. ಅಂದರೆ ಸುಮಾರು 1,500 ವರ್ಷಗಳಿಂದಲೂ ಈ ಭಾಗದಲ್ಲಿ ಕೆರೆಯನ್ನು ಊರಿನ ಸೊತ್ತೆಂದೇ ಭಾವಿಸಿ ಕಾಪಾಡಿಕೊಂಡು ಬರಲಾಗಿದೆ. ಕೆರೆಯ ನೀರು ಗದ್ದೆಗೆ, ಅಂಗಳದ ಮೇವು ದನಕರುಗಳಿಗೆ, ಗೋಡುಮಣ್ಣು ಹೊಲಕ್ಕೆ, ಮೀನು ಊಟಕ್ಕೆ, ಹೀಗೆ ಒಂದೇ ಕೆರೆಯಿಂದ ಗ್ರಾಮಕ್ಕೆ ನಾಲ್ಕಾರು ಬಗೆಯ ಆದಾಯವುಂಟು. ಇವುಗಳಲ್ಲಿ ಒಂದನ್ನು ಪಡೆಯುವ ಭರದಲ್ಲಿ ಮಿಕ್ಕವುಗಳಿಗೆ ಕೇಡು ತಂದುಕೊಳ್ಳುವುದು ವಿವೇಕವಲ್ಲ.

ದೊಡ್ಡ ಮೀನುಗಳಿಗಾಗಿ ಹಾಕುವ ಗಾಳಗಳ ವಿಷಯದಲ್ಲಿ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ಗಾಳವು ಚಿಕ್ಕ ವಸ್ತು; ಅದನ್ನು ದಾರಕ್ಕೆ ಕೂಡಿಸುವ ಗಂಟು ಇನ್ನೂ ಚಿಕ್ಕದು. ಆದರೆ ಆ ಗಂಟು ಬಿಟ್ಟಿತೆಂದರೆ ಮೀನುಗಾರನಿಗೆ ಮೀನು ನಷ್ಟ, ಊರಿಗೆ ಅಪಾಯ. ಆದಕಾರಣ ದಪ್ಪ ದಾರವನ್ನು ಗಾಳಕ್ಕೆ ಕೂಡಿಸುವಲ್ಲಿ ಹಳೆಯ ಪದ್ಧತಿಯಂತೆ ಗಂಟು ಹಾಕುವುದು ಲೇಸೋ, ಲೋಹದ ಸಣ್ಣ ಕೊಳವೆಯನ್ನು ಒತ್ತಿ ಬಿಗಿಯುವುದು ಲೇಸೋ ಎಂಬುದನ್ನು ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರುವುದು ಯುಕ್ತವಾಗಿದೆ.

ಹರಿದ ದಾರದಿಂದಾಗುವ ಕೇಡು

ಈ ಎರಡು ತಾಲ್ಲೂಕುಗಳಲ್ಲಿ ಬೇಸಗೆಯಲ್ಲಿ ನೀರಿಳಿದ ಮೇಲೆ ಕೆರೆಬೇಟೆ ನಡೆಯುವುದು ಪೂರ್ವದಿಂದ ಬಂದ ರೂಢಿ. ಸುತ್ತಲಿನ ಗ್ರಾಮಗಳ ಜನರು ಬಿದಿರಿನ ಕೂಣಿಗಳನ್ನು ಹಿಡಿದು ಏಕಕಾಲಕ್ಕೆ ಕೆರೆಗಿಳಿಯುತ್ತಾರೆ. ಕೂಣಿಯನ್ನು ಕೆಸರಿಗೆ ಊರಿ, ಅದರೊಳಗೆ ಸಿಕ್ಕಿದ ಮೀನನ್ನು ಮೇಲಿನ ಬಾಯಿಂದ ಕೈಯಿಟ್ಟು ತಡವಿ ಹಿಡಿಯುತ್ತಾರೆ. ಕಾಲಿಗೆ ಮೆಟ್ಟಿಲ್ಲ, ಕೈಗೆ ಏನು ತಾಗುವುದೆಂಬುದು ಕಣ್ಣಿಗೆ ಕಾಣುವುದಿಲ್ಲ. ವರ್ಷವಿಡೀ ಆ ಕೆರೆಯಲ್ಲಿ ಹರಿದುಹೋದ ಗಾಳಗಳು ಕೆಸರಿನಲ್ಲಿ ಹುದುಗಿದ್ದರೆ ಆ ದಿನ ಯಾರ ಅಂಗಾಲಿಗೆ, ಯಾರ ಅಂಗೈಗೆ ನಾಟುವುದೋ ಹೇಳಲಾಗದು. ಗಾಳದ ಮುಳ್ಳು ಹಿಮ್ಮುಖವಾದುದರಿಂದ ಸುಲಭವಾಗಿ ಹೊರಬರುವುದಿಲ್ಲ. ಕೆಸರು ಸೇರಿದ ಗಾಯದಿಂದ ಧನುರ್ವಾಯುವಿನ ಭಯವೂ ಉಂಟು.

ಅಪಾಯವು ಕೆರೆಯಲ್ಲಿಯೇ ನಿಲ್ಲುವುದಿಲ್ಲ. ಬೇಸಗೆಯಲ್ಲಿ ತೆಗೆದ ಗೋಡಿನೊಂದಿಗೆ ಗಾಳವೂ ದಾರವೂ ಗದ್ದೆಗೆ ಸಾಗುವುವು. ಮಳೆಗಾಲದಲ್ಲಿ ನಾಟಿಗೆ ಇಳಿದವರ ಬರಿಗಾಲು ಅದೇ ಕೆಸರನ್ನು ತುಳಿಯುವುದು. ಕೆರೆಯಲ್ಲಿ ಮಲಗುವ ಎಮ್ಮೆಗಳ ಕಾಲಿಗೆ ನೈಲಾನ್ ದಾರ ಸುತ್ತಿಕೊಂಡರೆ ಅದು ದಿನೇ ದಿನೇ ಬಿಗಿದು ಚರ್ಮವನ್ನು ಕೊಯ್ಯುವುದು. ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮದಲ್ಲಿ ಗೂಡುಕಟ್ಟುವ ಹಕ್ಕಿಗಳು ಮೇವಿಗಾಗಿ ಸುತ್ತಣ ಕೆರೆ ಗದ್ದೆಗಳಿಗೂ ಹೋಗುವುದುಂಟು. ದಾರದ ಕುಣಿಕೆಗೆ ಸಿಕ್ಕಿದ ನೀರುಕಾಗೆ, ಬೆಳ್ಳಕ್ಕಿಗಳು ಬಿಡಿಸಿಕೊಳ್ಳಲಾರದೆ ಸಾಯುವುವು.

ಹಿಂದೆ ಹತ್ತಿ, ಸೆಣಬುಗಳ ದಾರವು ಹರಿದರೆ ಕೆಲವು ಕಾಲದಲ್ಲಿ ಕೊಳೆತು ಮಣ್ಣಾಗುತ್ತಿತ್ತು. ನೈಲಾನಿಗೆ ಆ ಗುಣವಿಲ್ಲ. ಅದು ಕೆಸರಿನಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿಯುವುದು. ಕೂಡಿಕೆಯ ವಿಷಯದಲ್ಲಿ ಹಿಂದಿನವರಿಗಿಂತ ಇಂದಿನವರು ಹೆಚ್ಚು ಎಚ್ಚರ ವಹಿಸಬೇಕಾದುದಕ್ಕೆ ಇದು ಮೊದಲನೆಯ ಕಾರಣ.

ತುದಿದಾರವೆಂದರೇನು

ಬಾಳೆಮೀನು, ಕೊರವ ಮುಂತಾದ ಬೇಟೆಮೀನುಗಳಿಗೆ ಹಲ್ಲುಗಳುಂಟು. ಬಾಳೆಮೀನು ಒಂದು ಮೀಟರಿಗೂ ಮಿಗಿಲಾಗಿ ಬೆಳೆಯತಕ್ಕದ್ದು. ಅದರ ಬಾಯಿ ಅಗಲ, ಎಳೆತ ಬಲು ಜೋರು. ಇಂಥ ಮೀನಿಗೆ ತೆಳುವಾದ ದಾರವನ್ನು ನೇರವಾಗಿ ಗಾಳಕ್ಕೆ ಕಟ್ಟಿದರೆ ಹಲ್ಲಿಗೆ ತಾಗಿ ಕ್ಷಣದಲ್ಲಿ ತುಂಡಾಗುವುದು. ಆದ್ದರಿಂದ ಮುಖ್ಯ ದಾರಕ್ಕೂ ಗಾಳಕ್ಕೂ ನಡುವೆ ಮೊಳ ಎರಡು ಮೊಳ ಉದ್ದದ ದಪ್ಪ ನೈಲಾನ್ ಎಳೆಯೊಂದನ್ನು ಕೂಡಿಸುತ್ತಾರೆ. ಇದನ್ನು ಈ ಲೇಖನದಲ್ಲಿ ತುದಿದಾರವೆಂದು ಕರೆಯಲಾಗಿದೆ. ರಾತ್ರಿಯಿಡೀ ನೀರಿನಲ್ಲಿ ಬಿಡುವ ಸಾಲುಗಾಳದಲ್ಲಿ ದಾವಣಿಗೆ ಎತ್ತುಗಳನ್ನು ಕಟ್ಟಿದಂತೆ ಒಂದೇ ಉದ್ದನೆಯ ಹಗ್ಗಕ್ಕೆ ಇಂಥ ಹಲವು ತುದಿದಾರಗಳಿರುವುವು. ಪ್ರತಿಯೊಂದಕ್ಕೂ ಎರಡೆರಡು ಕೂಡಿಕೆಗಳು. ದಾರವೆಷ್ಟೇ ಬಲವಾಗಿದ್ದರೂ ಈ ಕೂಡಿಕೆಗಳಲ್ಲಿ ಅತ್ಯಂತ ದುರ್ಬಲವಾದುದರ ಬಲವೇ ಆ ತುದಿದಾರದ ಬಲ.

ದಪ್ಪ ದಾರದ ಸ್ವಭಾವ

ನೈಲಾನನ್ನು 1935ರಲ್ಲಿ ಅಮೆರಿಕದ ಡ್ಯುಪಾಂಟ್ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞ ವ್ಯಾಲೇಸ್ ಕರೋಥರ್ಸನೂ ಅವನ ಸಹಾಯಕರೂ ಕಂಡುಹಿಡಿದರು. ಸೆಣಬಿನ ಹುರಿಯಂತೆ ಇದು ಒರಟಲ್ಲ, ಗಾಜಿನಂತೆ ನುಣುಪು. ಸೆಣಬಿನ ಹುರಿಯಲ್ಲಿ ನಾರಿಗೆ ನಾರು ಹಿಡಿದುಕೊಳ್ಳುವುದರಿಂದ ಗಂಟು ತಾನಾಗಿಯೇ ನಿಲ್ಲುವುದು. ನೈಲಾನ್ ಎಳೆಯಲ್ಲಿ ಹಾಗೆ ಹಿಡಿಯಲು ಏನೂ ಇಲ್ಲದ ಕಾರಣ ಬಿಗಿತವೊಂದೇ ಆಧಾರ.

ಸುಮಾರು 1 ಮಿಲಿಮೀಟರ್ ದಪ್ಪದ ಒಳ್ಳೆಯ ನೈಲಾನ್ ಎಳೆಯು ಸಾಧಾರಣವಾಗಿ 40 ರಿಂದ 50 ಕಿಲೋಗ್ರಾಂ ಭಾರವನ್ನು ತಡೆಯುವುದು. ಎಳೆಯ ದಪ್ಪವನ್ನು ಎರಡರಷ್ಟು ಮಾಡಿದರೆ ಅದರ ಬಲವು ನಾಲ್ಕರಷ್ಟಾಗುವುದು. ಆದರೆ ಅದನ್ನು ಬಗ್ಗಿಸಲು ಬೇಕಾಗುವ ಶಕ್ತಿಯು ಹದಿನಾರರಷ್ಟಾಗುವುದು. ತೆಳುವಾದ ದಾರವು ಬೆರಳ ಮಾತು ಕೇಳುವುದು. ದಪ್ಪ ದಾರವು ಬಿದಿರ ಸಲಾಕೆಯಂತೆ ಸೆಟೆದು ನಿಲ್ಲುವುದು. ದಪ್ಪ ದಾರದ ಗಂಟು ಕೈಯಿಂದ ಪೂರ್ತಿ ಬಿಗಿಯಾಗದೆ ಸುತ್ತುಗಳ ನಡುವೆ ಸಂದು ಉಳಿಯುವುದಕ್ಕೆ ಇದೇ ಕಾರಣ. ಮೀನು ಜಗ್ಗಿದಾಗ ಆ ಸಂದುಗಳು ಒಮ್ಮೆಲೇ ಜಾರಿ, ಉಜ್ಜಿ, ಬಿಸಿಯಾಗಿ ಗಂಟು ಬಿಚ್ಚುವುದು ಅಥವಾ ದಾರ ತುಂಡಾಗುವುದು.

ಇದಲ್ಲದೆ ನೈಲಾನು ನೀರನ್ನು ಹೀರುವ ವಸ್ತು. ನೆನೆದಾಗ ಅದರ ಬಲವು ಸುಮಾರು ಹತ್ತನೆಯ ಒಂದು ಪಾಲಿನಷ್ಟು ಕುಗ್ಗುವುದು. ಬಿಸಿಲಿನಲ್ಲಿ ಬಹುಕಾಲ ಬಿದ್ದಿದ್ದರೆ ಇನ್ನೂ ಕುಂದುವುದು. ಅಂಗಡಿಯ ಚೀಟಿಯಲ್ಲಿ ಬರೆದ ಬಲವೇ ಕೆರೆಯ ನೀರಿನಲ್ಲಿಯೂ ಇರುವುದೆಂದು ನಂಬತಕ್ಕದ್ದಲ್ಲ.

ಗಂಟಿನ ಗುಣದೋಷಗಳು

ಗಂಟಿಗೆ ಖರ್ಚಿಲ್ಲ, ಸಲಕರಣೆ ಬೇಡ, ಕತ್ತಲೆಯಲ್ಲಿಯೂ ಹಾಕಬಹುದು. ಇವು ಗಂಟಿನ ಗುಣಗಳು. ಆದರೆ ದಾರವು ತನ್ನ ಮೇಲೆಯೇ ಬಾಗಿ ಒತ್ತಿಕೊಳ್ಳುವ ಸ್ಥಳದಲ್ಲಿ ಹೊರಮೈ ಹಿಗ್ಗಿ ಒಳಮೈ ಕುಗ್ಗಿ ಬಲ ಕಡಿಮೆಯಾಗುವುದು. ನೈಲಾನ್ ಎಳೆಯಲ್ಲಿ ಒಂದೇ ಸುತ್ತಿನ ಸಾದಾ ಗಂಟು ಬಿದ್ದರೆ ದಾರದ ಬಲವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುವುದು. ಕ್ರಮವರಿತು ಹಾಕಿದ ಸುತ್ತುಗಂಟಿನಲ್ಲಿ ಮುಕ್ಕಾಲು ಪಾಲಿನಿಂದ ಹತ್ತರಲ್ಲಿ ಒಂಬತ್ತು ಪಾಲಿನವರೆಗೂ ಬಲ ಉಳಿಯುವುದುಂಟು. ವ್ಯತ್ಯಾಸವಿರುವುದು ಗಂಟು ಹಾಕುವ ಕೈಯಲ್ಲಿ.

ಗಂಟು ಹಾಕುವವರು ಮೂರು ನಿಯಮಗಳನ್ನು ಪಾಲಿಸತಕ್ಕದ್ದು. ಮೊದಲನೆಯದು, ಬಿಗಿಯುವ ಮುನ್ನ ದಾರವನ್ನು ನೀರಿನಿಂದ ತೋಯಿಸುವುದು. ಒಣದಾರವು ಉಜ್ಜಿ ಬಿಸಿಯಾದರೆ ಮೈ ಸುಡುವುದು. ಎರಡನೆಯದು, ಜಗ್ಗದೆ ನಿಧಾನವಾಗಿ ಸಮನಾಗಿ ಎಳೆಯುವುದು. ಮೂರನೆಯದು, ದಾರ ದಪ್ಪವಾದಷ್ಟೂ ಸುತ್ತುಗಳನ್ನು ಕಡಿಮೆ ಮಾಡುವುದು. ತೆಳುವಾದ ದಾರಕ್ಕೆ ಐದಾರು ಸುತ್ತು ಬೇಕಾದರೆ ದಪ್ಪ ದಾರಕ್ಕೆ ಮೂರು ಸುತ್ತು ಸಾಕು. ಹೆಚ್ಚು ಸುತ್ತಿದರೆ ಗಂಟು ಕೂರುವುದಿಲ್ಲ.

ಗಾಳದ ಬುಡದಲ್ಲಿ ಕಣ್ಣಿಲ್ಲದೆ ಚಪ್ಪಟೆಯಾಗಿದ್ದರೆ ಗಂಟಿನ ಹೊರತು ಬೇರೆ ಮಾರ್ಗವಿಲ್ಲ. ಆಗ ದಾರವನ್ನು ಗಾಳದ ಕಡ್ಡಿಯ ಮೇಲೆಯೇ ಪಕ್ಕಪಕ್ಕದಲ್ಲಿ ಸುತ್ತಿ ಬಿಗಿಯುವುದು ಉತ್ತಮ. ಹಾಗೆ ಸುತ್ತಿದಾಗ ದಾರಕ್ಕೆ ತೀಕ್ಷ್ಣವಾದ ಬಾಗು ಬೀಳದೆ ಬಲವು ಚೆನ್ನಾಗಿ ಉಳಿಯುವುದು.

ಒತ್ತುಕೊಳವೆಯ ಗುಣದೋಷಗಳು

ಉತ್ತರ ಅಮೆರಿಕದ ಪಶ್ಚಿಮ ತೀರದಲ್ಲಿ, ಅಲಾಸ್ಕ ಮತ್ತು ಬ್ರಿಟಿಷ್ ಕೊಲಂಬಿಯ ಪ್ರಾಂತಗಳ ಕಡಲಲ್ಲಿ, ಸಾಲ್ಮನ್ ಎಂಬ ದೊಡ್ಡ ಮೀನನ್ನು ಹಿಡಿಯುವವರು ದೋಣಿಯನ್ನು ಮೆಲ್ಲನೆ ನಡೆಸುತ್ತ ಹಿಂದೆ ಗಾಳಗಳನ್ನು ಎಳೆದೊಯ್ಯುತ್ತಾರೆ. ಅವರ ಮುಖ್ಯ ದಾರವು ಉಕ್ಕಿನ ತಂತಿ. ಅದರ ತುದಿಗೆ ಸೀಸದ ಗುಂಡು. ತಂತಿಯ ಉದ್ದಕ್ಕೂ ಅಲ್ಲಲ್ಲಿ ಕೊಂಡಿಯಿಂದ ಸಿಕ್ಕಿಸಿದ ದಪ್ಪ ನೈಲಾನ್ ತುದಿದಾರಗಳು. ಒಂದೊಂದು ದೋಣಿಯಲ್ಲಿ ಇಂಥ ಹತ್ತಾರು ತುದಿದಾರಗಳಿರುವುದರಿಂದ ಅವುಗಳನ್ನು ಮೊದಲೇ ದಡದಲ್ಲಿ ಸಿದ್ಧಪಡಿಸಿಟ್ಟುಕೊಳ್ಳುವರು. ಅವರಲ್ಲಿಯೂ ಗಂಟೇ ಸಾಕೆನ್ನುವವರು ಕೆಲವರು, ಕೊಳವೆಯೇ ಮೇಲೆನ್ನುವವರು ಕೆಲವರು. ಆದರೆ ದಾರವು ಬಹು ದಪ್ಪವಾದ ಕಡೆ ಕೊಳವೆಯ ಪಕ್ಷವೇ ಪ್ರಬಲವಾಗಿದೆ.

ಈ ಕೊಳವೆಯು ಭತ್ತದ ಕಾಳಿಗಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಅಥವಾ ತಾಮ್ರದ ತುಂಡು. ಅಂಗಡಿಯವರು ಇದನ್ನು ಸ್ಲೀವ್ ಎನ್ನುತ್ತಾರೆ. ದಾರವನ್ನು ಕೊಳವೆಯೊಳಗೆ ತೂರಿಸಿ, ಗಾಳದ ಕಣ್ಣಿನಲ್ಲಿ ಹಾಯಿಸಿ, ಮತ್ತೆ ಕೊಳವೆಯೊಳಗೆ ತಂದು ಇಕ್ಕಳದಿಂದ ಒತ್ತಿದರೆ ಕೂಡಿಕೆ ಮುಗಿಯಿತು. ಪಂಪ್‌ಸೆಟ್ಟಿನ ಕೇಬಲ್ ತುದಿಗೆ ವಿದ್ಯುತ್ ಕೆಲಸದವರು ಲಗ್ ಒತ್ತುವುದನ್ನು ನೋಡಿದ ಜಮೀನುದಾರರಿಗೆ ಇದರ ತತ್ತ್ವವು ಸುಲಭವಾಗಿ ತಿಳಿಯುವುದು. ಇಲ್ಲಿ ದಾರವು ತನ್ನನ್ನು ತಾನೇ ಕೊಯ್ಯುವುದಿಲ್ಲ. ಕೊಳವೆಯು ತನ್ನ ಉದ್ದಕ್ಕೂ ಅದನ್ನು ಸಮನಾಗಿ ಅಪ್ಪಿ ಹಿಡಿಯುವುದು. ಸರಿಯಾಗಿ ಒತ್ತಿದಲ್ಲಿ ದಾರದ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾಗಿ ಉಳಿಯುವುದು. ಹತ್ತು ಕೂಡಿಕೆ ಮಾಡಿದರೂ ಹತ್ತೂ ಒಂದೇ ಸಮನಾಗಿರುವುದು ಇದರ ದೊಡ್ಡ ಗುಣ.

ದೋಷಗಳೂ ಇವೆ. ಕೊಳವೆಯ ಅಳತೆ ತಪ್ಪಿದರೆ, ಇಕ್ಕಳ ತಕ್ಕುದಲ್ಲದಿದ್ದರೆ ಅಥವಾ ಅಂಚಿನವರೆಗೂ ಒತ್ತಿಬಿಟ್ಟರೆ ಕೂಡಿಕೆಯು ಕೆಟ್ಟ ಗಂಟಿಗಿಂತಲೂ ಕೀಳಾಗುವುದು. ಕೆಟ್ಟ ಗಂಟು ಬಹುತೇಕ ನೋಟಕ್ಕೇ ತಿಳಿಯುವುದು. ಕೆಟ್ಟ ಕೊಳವೆಯಾದರೋ ಹೊರಗೆ ಹೊಳೆಯುತ್ತಲೇ ಇರುವುದು. ಕೆಲವರು ಸಾಮಾನ್ಯ ಇಕ್ಕಳದಿಂದ, ಇನ್ನು ಕೆಲವರು ಸುತ್ತಿಗೆಯಿಂದ ಕೊಳವೆಯನ್ನು ಜಜ್ಜುವುದುಂಟು. ಇದು ಸರ್ವಥಾ ಕೂಡದು. ಕೇಬಲ್ ಲಗ್‌ಗಾಗಿ ಮಾಡಿದ ಕೆಲವು ಇಕ್ಕಳಗಳು ಒಂದು ಕಡೆ ಮೊನೆಯಿಂದ ತಗ್ಗು ಮಾಡುವುವು. ತಾಮ್ರದ ತಂತಿಗೆ ಅದು ಸರಿ, ನೈಲಾನಿಗೆ ಗಾಯ. ಎರಡು ಕಡೆಯೂ ಬಟ್ಟಲಿನಂತೆ ಗುಂಡಾದ ದವಡೆಯ ಇಕ್ಕಳವೇ ಬೇಕು.

ಕೊಳವೆಯನ್ನು ಒತ್ತುವ ಕ್ರಮ

1. ದಾರದ ದಪ್ಪಕ್ಕೆ ತಕ್ಕ ಕೊಳವೆಯನ್ನು ಆರಿಸತಕ್ಕದ್ದು. ದಾರವು ಸಡಿಲವಾಗಿ ಓಲಾಡಬಾರದು. ತುರುಕುವಾಗ ಮೈ ತರಚಲೂಬಾರದು. ಎರಡು ರಂಧ್ರಗಳು ಪಕ್ಕಪಕ್ಕದಲ್ಲಿರುವ ಜೋಡಿ ಕೊಳವೆಯು ನೈಲಾನಿಗೆ ಅತ್ಯುತ್ತಮ; ಅದರಲ್ಲಿ ಎರಡು ಎಳೆಗಳು ಒಂದರ ಮೇಲೊಂದು ಹತ್ತದೆ ತಮ್ಮ ತಮ್ಮ ಹಾದಿಯಲ್ಲಿ ಇರುವುವು.

2. ದಾರದ ತುದಿಯನ್ನು ಹರಿತವಾದ ಅಲಗಿನಿಂದ ನೇರವಾಗಿ ಕತ್ತರಿಸಿ, ಒಂದು ರಂಧ್ರದಿಂದ ತೂರಿಸಿ, ಗಾಳದ ಕಣ್ಣಿನಲ್ಲಿ ಹಾಯಿಸಿ, ಇನ್ನೊಂದು ರಂಧ್ರದಿಂದ ಹೊರತರತಕ್ಕದ್ದು. ಕುಣಿಕೆಯು ಚಿಕ್ಕದಾಗಿದ್ದರೂ ಗಾಳವು ಅದರಲ್ಲಿ ಸರಾಗವಾಗಿ ಆಡುವಂತಿರಬೇಕು.

3. ಹೊರಬಂದ ತುದಿಯನ್ನು ಬೆಂಕಿಕಡ್ಡಿಯ ಜ್ವಾಲೆಯ ಸಮೀಪಕ್ಕೆ ತಂದರೆ ಅದು ಕರಗಿ ಸಾಸಿವೆಕಾಳಿನಂತೆ ಗುಂಡಾಗುವುದು. ಆರಿದ ಮೇಲೆ ಆ ಗುಂಡು ಕೊಳವೆಯ ಬಾಯಿಗೆ ಬರುವಂತೆ ದಾರವನ್ನು ಹಿಂದಕ್ಕೆ ಎಳೆಯತಕ್ಕದ್ದು. ಒತ್ತು ಸ್ವಲ್ಪ ಜಾರಿದರೂ ಈ ಗುಂಡು ತಡೆಯುವುದು. ಜ್ವಾಲೆಯು ಮುಖ್ಯ ಎಳೆಗೆ ಎಂದಿಗೂ ತಾಗಬಾರದು.

4. ಕೊಳವೆಯ ನಡುವೆ ಮೊದಲು ಒತ್ತಿ, ಆಮೇಲೆ ಅದರ ಎರಡು ಪಕ್ಕಗಳಲ್ಲಿ ಒತ್ತತಕ್ಕದ್ದು. ಎರಡು ಕೊನೆಗಳಲ್ಲಿಯೂ ಸುಮಾರು ಒಂದು ಮಿಲಿಮೀಟರಿನಷ್ಟು ಭಾಗವನ್ನು ಒತ್ತದೆ ಬಿಡಬೇಕು. ಆಗ ಕೊಳವೆಯ ಬಾಯಿ ಗಂಟೆಯ ಬಾಯಿಯಂತೆ ಅರಳಿ ನಿಂತು, ದಾರವು ಅಂಚಿಗೆ ತಾಗಿ ಕತ್ತರಿಸಿಹೋಗುವುದು ತಪ್ಪುವುದು. ಈ ಒಂದು ನಿಯಮವನ್ನು ಮರೆತುದರಿಂದಲೇ ಎಷ್ಟೋ ಕೂಡಿಕೆಗಳು ಕೆಡುವುವು.

5. ಒಮ್ಮೆ ಒತ್ತಿದ ಕೊಳವೆಯನ್ನು ಬಿಡಿಸಿ ಮತ್ತೆ ಉಪಯೋಗಿಸತಕ್ಕದ್ದಲ್ಲ.

ಪರೀಕ್ಷಿಸುವ ಬಗೆ

ಗಂಟಾಗಲಿ ಕೊಳವೆಯಾಗಲಿ ಪರೀಕ್ಷಿಸದೆ ನೀರಿಗೆ ಬಿಡಬಾರದು. ಕುಣಿಕೆಯನ್ನು ಗಟ್ಟಿಯಾದ ಮೊಳೆಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿಯನ್ನು ಕಟ್ಟಿ, ದಾರದ ಬಲದ ಮೂರನೆಯ ಒಂದು ಪಾಲಿನಷ್ಟು ಭಾರ ಬೀಳುವಂತೆ ಎಳೆಯತಕ್ಕದ್ದು. 45 ಕಿಲೋಗ್ರಾಂ ಬಲದ ದಾರಕ್ಕೆ 15 ಕಿಲೋಗ್ರಾಂ ಎಳೆತ ಸಾಕು. ಕೂಡಿಕೆಯು ಕದಲದಿದ್ದರೆ ಅದು ಯೋಗ್ಯ. ಎಳೆಯುವಾಗ ಮುಖವನ್ನು ಪಕ್ಕಕ್ಕೆ ಇಟ್ಟುಕೊಳ್ಳಬೇಕು. ಹರಿದ ನೈಲಾನು ಚಾಟಿಯಂತೆ ಹಿಂದಕ್ಕೆ ಬಡಿಯುವುದು.

ಹೊಸದಾಗಿ ಕಲಿಯುವವರು ಒಂದೆರಡು ಮಾದರಿಗಳನ್ನು ಮಾಡಿ ಹರಿಯುವವರೆಗೂ ಎಳೆದು ನೋಡುವುದು ಒಳ್ಳೆಯದು. ಹರಿದ ತುದಿಯೇ ದೋಷವನ್ನು ಹೇಳುವುದು. ತುದಿಯು ಹಂದಿಯ ಬಾಲದಂತೆ ಸುರುಳಿಯಾಗಿದ್ದರೆ ಗಂಟು ಜಾರಿ ಬಿಚ್ಚಿತೆಂದು ತಿಳಿಯಬೇಕು. ದಾರವು ಇಡಿಯಾಗಿ ಕೊಳವೆಯಿಂದ ನುಸುಳಿ ಬಂದಿದ್ದರೆ ಕೊಳವೆ ದೊಡ್ಡದು ಅಥವಾ ಒತ್ತು ಕಡಿಮೆ. ಕೊಳವೆಯ ಬಾಯಲ್ಲಿಯೇ ಕತ್ತರಿಸಿದಂತೆ ತುಂಡಾಗಿದ್ದರೆ ಅಂಚಿನವರೆಗೂ ಒತ್ತಿದ ತಪ್ಪು. ಕೂಡಿಕೆಯಿಂದ ದೂರದಲ್ಲಿ ದಾರವೇ ಹರಿದಿದ್ದರೆ ಕೆಲಸವು ಚೆನ್ನಾಗಿ ಆಗಿದೆಯೆಂದು ಅರ್ಥ.

ಯಾವುದಕ್ಕೆ ಯಾವುದು

ಈ ವಿಚಾರಗಳಿಂದ ಹೊರಡುವ ನಿರ್ಣಯವು ಸರಳವಾಗಿದೆ. 1 ಮಿಲಿಮೀಟರಿಗಿಂತ ತೆಳುವಾದ ದಾರಕ್ಕೆ ಕ್ರಮವಾಗಿ ಹಾಕಿದ ಗಂಟೇ ಸಾಕು. ಅದಕ್ಕೆ ಕೊಳವೆಯ ಖರ್ಚು ವ್ಯರ್ಥ. ಅದಕ್ಕಿಂತ ದಪ್ಪವಾದ ದಾರಕ್ಕೆ, ಗಾಳಕ್ಕೆ ಕಣ್ಣಿದ್ದು ತಕ್ಕ ಇಕ್ಕಳವೂ ದೊರೆಯುವುದಾದರೆ, ಕೊಳವೆಯೇ ಲೇಸು. ಇಕ್ಕಳವಿಲ್ಲದೆ ಕೊಳವೆಯನ್ನು ಜಜ್ಜುವುದಕ್ಕಿಂತ ಕಡ್ಡಿಯ ಮೇಲೆ ಸುತ್ತಿದ ಗಂಟು ಎಷ್ಟೋ ಮೇಲು. ಹತ್ತು ಮಂದಿ ಮೀನುಗಾರರು ಕೂಡಿ ಒಂದು ಇಕ್ಕಳವನ್ನು ಕೊಂಡರೂ ಕೆಲಸ ನಡೆಯುವುದು. ತುದಿದಾರಗಳನ್ನು ಮನೆಯಲ್ಲಿಯೇ ಸಿದ್ಧಪಡಿಸುವುದರಿಂದ ಅದನ್ನು ಪ್ರತಿದಿನವೂ ಕೆರೆಗೆ ಒಯ್ಯಬೇಕಾಗಿಲ್ಲ.

ಇನ್ನೊಂದು ಸೂಕ್ಷ್ಮವುಂಟು. ತುದಿದಾರವು ಮುಖ್ಯ ಹಗ್ಗಕ್ಕಿಂತ ಸ್ವಲ್ಪ ಕಡಿಮೆ ಬಲದ್ದಾಗಿರಬೇಕು. ಗಾಳವು ನೀರೊಳಗಿನ ಕೊರಡಿಗೆ ಸಿಕ್ಕಿಕೊಂಡರೆ ಆಗ ಮೊಳದುದ್ದದ ತುಂಡು ಮಾತ್ರ ಹೋಗುವುದು. ಹಗ್ಗವೇ ಹರಿದರೆ ಹತ್ತಾರು ಗಾಳಗಳ ಸಾಲೇ ಕೆರೆಯ ಪಾಲಾಗುವುದು.

ಗ್ರಾಮದ ಮುಖಂಡರು ಮಾಡತಕ್ಕದ್ದು

ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಕೊಡುವ ಸಮಯದಲ್ಲಿ ಹಣದ ಮೊತ್ತವೊಂದನ್ನೇ ನೋಡದೆ ಸಲಕರಣೆಗಳ ವಿಷಯವನ್ನೂ ವಿಚಾರಿಸುವುದು ಮುಖಂಡರ ಕರ್ತವ್ಯ. ಗುತ್ತಿಗೆದಾರನು ರಾತ್ರಿ ಬಿಟ್ಟ ಗಾಳಗಳನ್ನು ಎಣಿಸಿ ಬಿಡಬೇಕು, ಬೆಳಿಗ್ಗೆ ಎಣಿಸಿ ಎತ್ತಬೇಕು, ಕಡಿಮೆಯಾದುದನ್ನು ಹುಡುಕಿಸಬೇಕು ಎಂಬ ಕರಾರನ್ನು ಮಾಡಿಕೊಳ್ಳಬಹುದು. ದನಗಳು ನೀರಿಗಿಳಿಯುವ ಕಡೆಯಲ್ಲಿಯೂ ಬಟ್ಟೆ ಒಗೆಯುವ ಸೋಪಾನದ ಬಳಿಯಲ್ಲಿಯೂ ಸಾಲುಗಾಳ ಹಾಕದಂತೆ ಗುರುತು ನೆಡಿಸುವುದು ಯುಕ್ತ. ಕೆರೆಬೇಟೆಗೆ ಮುಂಚೆ ಕೆಲವು ದಿನ ಗಾಳವನ್ನು ಪೂರ್ತಿಯಾಗಿ ನಿಲ್ಲಿಸಿ, ನೀರಿಳಿದ ಅಂಚಿನಲ್ಲಿ ಕಂಡ ದಾರ ಗಾಳಗಳನ್ನು ಆಯಿಸತಕ್ಕದ್ದು. ಆಯ್ದ ದಾರವನ್ನು ದಂಡೆಯಲ್ಲಿಯೇ ಬಿಸುಡದೆ ಊರಿನ ಕಸದೊಂದಿಗೆ ಸಾಗಿಸಬೇಕು.

ಮುಂಗಾರಿನ ಮೊದಲ ಮಳೆಗಳಿಗೆ ಹೊಸನೀರನ್ನು ಎದುರಿಸಿ ಏರಿ ಬರುವ ಹತ್ತುಮೀನುಗಳು ಮೊಟ್ಟೆ ತುಂಬಿದವು. ಆ ಕಾಲದಲ್ಲಿ ಗಾಳವನ್ನು ಎತ್ತಿಡುವುದೇ ಲಾಭ. ಮೀನು ಹಿಡಿಯಲು ಸಿಡಿಮದ್ದನ್ನಾಗಲಿ ವಿಷವನ್ನಾಗಲಿ ಬಳಸುವುದು 1897ರ ಭಾರತೀಯ ಮೀನುಗಾರಿಕೆ ಕಾಯಿದೆಯಿಂದಲೇ ನಿಷಿದ್ಧವಾಗಿದೆ. ಕರ್ನಾಟಕದ ಒಳನಾಡಿನ ನೀರುಗಳಿಗಾಗಿ 1996ರ ಪ್ರತ್ಯೇಕ ಕಾಯಿದೆಯೂ ಉಂಟು. ಆದರೆ ಗಂಟು ಸರಿಯಾಗಿದೆಯೇ ಎಂದು ನೋಡಲು ಯಾವ ಅಧಿಕಾರಿಯೂ ಪ್ರತಿ ರಾತ್ರಿ ಕೆರೆಯ ಏರಿಯ ಮೇಲೆ ಬಂದು ನಿಲ್ಲಲಾರನು. ಅದನ್ನು ಊರವರೇ ನೋಡಿಕೊಳ್ಳಬೇಕು.

ಒಂದು ಕೊಳವೆಯ ಬೆಲೆ ಅಲ್ಪ. ಒಂದು ಗಂಟನ್ನು ತೋಯಿಸಿ ಬಿಗಿಯಲು ಬೇಕಾದ ಹೊತ್ತು ಅದಕ್ಕಿಂತಲೂ ಅಲ್ಪ. ಇಷ್ಟು ಶ್ರಮವನ್ನು ವಹಿಸಿದಲ್ಲಿ ಹಿಡಿದ ಮೀನು ಕೈಗೆ ಬರುವುದು, ಬಿಟ್ಟ ಗಾಳ ಮನೆಗೆ ಬರುವುದು, ಕೆರೆಬೇಟೆಗೆ ಇಳಿದವರೂ ನಾಟಿಗೆ ಇಳಿದವರೂ ಗಾಯವಿಲ್ಲದೆ ದಡ ಸೇರುವರು.